ಕಲ್ಲಂಗಡಿ ಬೀಜ ಮತ್ತು ಎರಡು ಮಾರ್ಕ್ಸಿನ ಪ್ರಶ್ನೆ

ಒಂಬತ್ತನೇ ಕ್ಲಾಸಿನಲ್ಲಿ ನಾವೆಲ್ಲರೂ ಒಂದು ಕಲ್ಲಂಗಡಿ ಹಣ್ಣನ್ನು ಓದಿರ್ತೀವಿ. ತಿಂದಿದ್ದಲ್ಲ, ಓದಿದ್ದು. ಕೆಂಪು ತಿರುಳು ಅಂದ್ರೆ ಪಾಸಿಟಿವ್ ಚಾರ್ಜು, ಅದರೊಳಗೆ ಅಲ್ಲಲ್ಲಿ ಸಿಕ್ಕಿಕೊಂಡಿರುವ ಕಪ್ಪು ಬೀಜಗಳೇ ಎಲೆಕ್ಟ್ರಾನುಗಳು. ಇದು ಜೆ.ಜೆ. ಥಾಮ್ಸನ್ ಅವರ ಪರಮಾಣು ಮಾದರಿ. ಒಂದು ಪುಟ ತಿರುವಿದರೆ ರುದರ್‌ಫೋರ್ಡ್ ಬರ್ತಾರೆ, ಕಲ್ಲಂಗಡಿ ಹೋಗುತ್ತೆ. ನೋಟ್ಸಿನಲ್ಲಿ 'ಡ್ರಾಬ್ಯಾಕ್ಸ್' ಅಂತ ಕೆಂಪು ಇಂಕಿನ ಹೆಡ್ಡಿಂಗು, ಅದರ ಕೆಳಗೆ ಎರಡು ಪಾಯಿಂಟು. ಒಂದು, ಆಲ್ಫಾ ಕಣಗಳ ಚದುರುವಿಕೆಯನ್ನು ವಿವರಿಸಲಿಲ್ಲ. ಎರಡು, ಹೈಡ್ರೋಜನ್‌ನ ರೋಹಿತವನ್ನು ವಿವರಿಸಲಿಲ್ಲ. ಪಾಯಿಂಟಿಗೊಂದು ಮಾರ್ಕು. ಆ ಮನುಷ್ಯನ ಏಳು ವರ್ಷದ ಕೆಲಸಕ್ಕೆ ಪರೀಕ್ಷೆಯಲ್ಲಿ ಸಿಗೋ ಬೆಲೆ ಅಷ್ಟು.

ಈ ವಿಷಯ ಮತ್ತೆ ತಲೆಗೆ ಬಂದಿದ್ದು ನಮ್ಮ ರೂಮ್‌ಮೇಟ್ ಒಬ್ಬನ ತಮ್ಮನಿಂದ. ಊರಿನ ಸರ್ಕಾರಿ ಹೈಸ್ಕೂಲಿನಲ್ಲಿ, ಕನ್ನಡ ಮೀಡಿಯಮ್ಮಿನಲ್ಲಿ ಒಂಬತ್ತನೇ ಕ್ಲಾಸು. ಭಾನುವಾರ ಅಣ್ಣನಿಗೆ ಫೋನ್ ಮಾಡಿ ಪಾಠ ಹೇಳಿಸ್ಕೊಳ್ತಾನೆ. ಸ್ಪೀಕರಿನಲ್ಲಿ ಹಾಕಿರೋದರಿಂದ ರೂಮಿನಲ್ಲಿರೋ ನಾಲ್ವರಿಗೂ ಅವನು ತಮ್ಮನೇ. ಅವತ್ತು ಥಾಮ್ಸನ್ ಮಾದರಿಯ ದೋಷಗಳನ್ನ ಹೇಳಿಸ್ಕೊಂಡು, ಬರ್ಕೊಂಡು, ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ: "ಅಣ್ಣಾ, ಅದು ತಪ್ಪು ಅಂತ ಗೊತ್ತಿದ್ಮೇಲೆ ಯಾಕೆ ಓದ್ಬೇಕು? ಸೀದಾ ಸರಿ ಇರೋದನ್ನೇ ಕೊಡ್ಬಾರ್ದಾ?"

ಅಣ್ಣ "ಪರೀಕ್ಷೆಗೆ ಬರುತ್ತೆ ಓದೋ" ಅಂದ. ಅದು ಉತ್ತರ ಅಲ್ಲ ಅನ್ನೋದು ತಮ್ಮನಿಗೂ ಗೊತ್ತು, ನಮಗೂ ಗೊತ್ತು. ನಾಲ್ವರೂ ಇಂಗ್ಲಿಷ್ ಮೀಡಿಯಮ್ಮಿನವರು. ಅವನಿಗೆ ಸರಿಯಾಗಿ ಹೇಳೋಣ ಅಂದ್ರೆ ಮೊದಲು ನಮಗೆ ಕನ್ನಡದ ಪದಗಳೇ ಬೇಕಿತ್ತು. ಅವನ ಪುಸ್ತಕದಲ್ಲಿ ಪಾಸಿಟಿವ್ ಚಾರ್ಜಿಗೆ ಧನಾವೇಶ ಅಂತ ಇದೆ. ಮೊದಲ ಸಲ ಕೇಳಿದಾಗ ದುಡ್ಡಿನ ಹುಚ್ಚು ಹಿಡಿದವರಿಗೆ ಮೈಮೇಲೆ ಬರೋ ದೇವರು ಅನ್ನಿಸ್ತು. ಹಾಗಾದ್ರೆ ಋಣಾವೇಶ ಅಂದ್ರೆ ಸಾಲ ಮಾಡಿಕೊಂಡವರಿಗೆ ಬರೋದು. ನಗು ಮುಗಿದ ಮೇಲೆ ನೋಡಿದ್ರೆ ಪದ ಚೆನ್ನಾಗೇ ಇದೆ: ಒಂದು ವಸ್ತುವಿನೊಳಗೆ ಇನ್ನೇನೋ ಬಂದು ಸೇರಿಕೊಳ್ಳೋದೇ ಆವೇಶ ತಾನೇ. ಸ್ಪೆಕ್ಟ್ರಮ್‌ಗೆ ರೋಹಿತ ಅನ್ನೋ ಪದ ಅಂತೂ ನಮಗೆಲ್ಲ ತುಂಬಾ ಇಷ್ಟವಾಯ್ತು.

ತಮ್ಮನ ಪ್ರಶ್ನೆಗೆ ಉತ್ತರ ಹುಡುಕ್ತಾ ಎರಡು ವಾರ ಕಳೆದ್ವಿ. ಇಂಟರ್ನಲ್ಸ್ ಇದ್ದವು ಅನ್ನೋದು ಬೇರೆ ಮಾತು.

ಮೊದಲು ತಿಳಿದಿದ್ದು ಏನಂದ್ರೆ, ಕಲ್ಲಂಗಡಿ ಥಾಮ್ಸನ್‌ದಲ್ಲ. ಇಂಗ್ಲಿಷ್ ಪುಸ್ತಕಗಳಲ್ಲಿ ಬರೋ ಪ್ಲಮ್ ಪುಡಿಂಗೂ ಅವರದ್ದಲ್ಲ, ಆ ಹೆಸರನ್ನ ಬೇರೆಯವರು ಇಟ್ಟಿದ್ದು. ಅಂದಹಾಗೆ ಆ ಪುಡಿಂಗಿನಲ್ಲಿ ಪ್ಲಮ್ ಹಣ್ಣೂ ಇರಲ್ಲವಂತೆ, ಹಳೇ ಇಂಗ್ಲಿಷಿನಲ್ಲಿ ಒಣದ್ರಾಕ್ಷಿಗೂ ಪ್ಲಮ್ ಅಂತಿದ್ರು. ನಮ್ಮಲ್ಲಿ ಯಾರೂ ಆ ಪುಡಿಂಗ್ ತಿಂದಿಲ್ಲ. ಹಾಗಾದ್ರೆ ದ್ರಾಕ್ಷಿ ಹಾಕಿದ ಕೇಸರಿಬಾತ್ ಅಂತ ಹೇಳಿಕೊಡಬಹುದಿತ್ತಲ್ಲ ಅಂತ ಒಬ್ಬ ಅಂದ. ಮೆಸ್ಸಿನ ಕೇಸರಿಬಾತಿನಲ್ಲಿ ದ್ರಾಕ್ಷಿ ಹುಡುಕೋದು ಪರಮಾಣುವಿನಲ್ಲಿ ನ್ಯೂಕ್ಲಿಯಸ್ ಹುಡುಕಿದಷ್ಟೇ ಕಷ್ಟ, ಅದಿರಲಿ. ಪುಡಿಂಗು, ಕಲ್ಲಂಗಡಿ, ಕೇಸರಿಬಾತ್ ಮೂರಕ್ಕೂ ಒಂದೇ ತೊಂದರೆ. ಮೂರರಲ್ಲೂ ಬೀಜವೋ ದ್ರಾಕ್ಷಿಯೋ ಸುಮ್ಮನೆ ಕೂತಿರುತ್ತೆ. ಥಾಮ್ಸನ್ 1904ರಲ್ಲಿ ಫಿಲಸಾಫಿಕಲ್ ಮ್ಯಾಗಜೀನ್‌ನಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಎಲೆಕ್ಟ್ರಾನುಗಳು ಕೂತಿಲ್ಲ. ಒಂದರೊಳಗೊಂದು ಉಂಗುರಗಳಾಗಿ ಜೋಡಿಸಿಕೊಂಡು ತಿರುಗ್ತಿವೆ. ಪುಟಗಟ್ಟಲೆ ಲೆಕ್ಕ ಇದೆ: ಎಷ್ಟು ಎಲೆಕ್ಟ್ರಾನ್ ಇದ್ದರೆ ಉಂಗುರ ಗಟ್ಟಿಯಾಗಿ ನಿಲ್ಲುತ್ತೆ, ಎಷ್ಟಾದ್ರೆ ಮುರಿಯುತ್ತೆ ಅಂತ.

ಅವರಿಗೆ ತಿರುಳು ಯಾಕೆ ಬೇಕಾಯ್ತು ಅನ್ನೋದನ್ನೂ ನೋಡಬೇಕು. 1897ರಲ್ಲಿ ಕೇಂಬ್ರಿಜ್‌ನ ಕ್ಯಾವೆಂಡಿಶ್ ಲ್ಯಾಬಿನಲ್ಲಿ ಕ್ಯಾಥೋಡ್ ಕಿರಣಗಳನ್ನ ಬಗ್ಗಿಸಿ ನೋಡಿ, ಅದು ಪರಮಾಣುವಿಗಿಂತ ಎಷ್ಟೋ ಹಗುರವಾದ ಋಣಾವೇಶದ ಕಣ ಅಂತ ತೋರಿಸಿದ್ದು ಇದೇ ಥಾಮ್ಸನ್. ಯಾವ ಲೋಹದ ಎಲೆಕ್ಟ್ರೋಡ್ ಹಾಕಿದರೂ, ಯಾವ ಗ್ಯಾಸ್ ತುಂಬಿಸಿದರೂ ಅದೇ ಕಣ. ಅಂದ್ರೆ ಎಲ್ಲ ಪರಮಾಣುವಿನೊಳಗೂ ಅದಿದೆ. ಆದರೆ ಪರಮಾಣುವಿಗೆ ಒಟ್ಟಾರೆ ಚಾರ್ಜ್ ಇಲ್ಲ. ಹಾಗಾದ್ರೆ ಉಳಿದ ಪಾಸಿಟಿವ್ ಎಲ್ಲಿ? ಅದರದ್ದೊಂದು ಕಣ ಆಗ ಯಾರ ಕೈಗೂ ಸಿಕ್ಕಿರಲಿಲ್ಲ. ಗೊತ್ತಿಲ್ಲದ ವಸ್ತುವಿಗೆ ಆಕಾರ ಕೊಡಬೇಕಾದಾಗ ಎಲ್ಲ ಕಡೆ ಸಮನಾಗಿ ಹರಡಿ ಬಿಡೋದು ಅತಿ ಕಡಿಮೆ ಊಹೆ ಬೇಡುವ ದಾರಿ. ಲಾರ್ಡ್ ಕೆಲ್ವಿನ್ 1902ರಲ್ಲೇ ಇಂಥದ್ದೊಂದನ್ನ ಸೂಚಿಸಿದ್ದರು.

ಹರಡಿದರೆ ಇನ್ನೊಂದು ದೊಡ್ಡ ಲಾಭವಿದೆ. ಸೆಕೆಂಡ್ ಪಿಯುಸಿಯ ಗೌಸ್ ನಿಯಮ ನೆನಪು ಮಾಡ್ಕೊಳ್ಳಿ. ಸಮನಾಗಿ ಚಾರ್ಜ್ ತುಂಬಿದ ಗೋಳದ ಒಳಗೆ ವಿದ್ಯುತ್ ಕ್ಷೇತ್ರ ಕೇಂದ್ರದಿಂದ ಇರೋ ದೂರಕ್ಕೆ ತಕ್ಕಂತೆ ಹೆಚ್ಚುತ್ತೆ. ಅಂದರೆ ಒಳಗಿರೋ ಎಲೆಕ್ಟ್ರಾನಿಗೆ ಸ್ಪ್ರಿಂಗ್ ಕಟ್ಟಿದ ಹಾಗೆ. ಪಕ್ಕಕ್ಕೆ ಎಳೆದ್ರೆ ವಾಪಸ್ ಕೇಂದ್ರದ ಕಡೆ ಓಡಿ ಬರುತ್ತೆ. ಎಲೆಕ್ಟ್ರಾನುಗಳು ಒಂದನ್ನೊಂದು ದೂರ ತಳ್ಳುತ್ತವೆ, ತಿರುಳು ಎಲ್ಲವನ್ನೂ ಒಳಕ್ಕೆ ಎಳೆಯುತ್ತೆ, ಈ ಎರಡೂ ಸಮ ಆಗೋ ಜಾಗದಲ್ಲಿ ಅವು ನೆಲೆಯಾಗ್ತವೆ.

ಇದನ್ನ ಕಣ್ಣಾರೆ ನೋಡಬಹುದು. ಆಲ್ಫ್ರೆಡ್ ಮೇಯರ್ ಅನ್ನೋ ಅಮೆರಿಕದ ವಿಜ್ಞಾನಿ 1878ರಲ್ಲಿ ಮಾಡಿದ ಪ್ರಯೋಗವನ್ನ ಥಾಮ್ಸನ್ ತಮ್ಮ ಪ್ರಬಂಧದಲ್ಲಿ ಉದಾಹರಣೆಯಾಗಿ ಕೊಟ್ಟಿದ್ದಾರೆ. ಮ್ಯಾಗ್ನೆಟ್ ಆಗಿಸಿದ ಸೂಜಿಗಳನ್ನ ಸಣ್ಣ ಬೆಂಡುಗಳಿಗೆ ಚುಚ್ಚಿ ನೀರಿನ ಮೇಲೆ ತೇಲಿ ಬಿಡೋದು, ಎಲ್ಲದರ ಒಂದೇ ಧ್ರುವ ಮೇಲಿರಬೇಕು, ಆಗ ಅವು ಒಂದನ್ನೊಂದು ತಳ್ಳುತ್ತವೆ. ಮೇಲಿಂದ ವಿರುದ್ಧ ಧ್ರುವದ ದೊಡ್ಡ ಮ್ಯಾಗ್ನೆಟ್ ಹಿಡಿದರೆ ಎಲ್ಲವೂ ನಡುವಿಗೆ ಬರೋಕೆ ನೋಡ್ತವೆ. ನಾವೂ ಹಾಸ್ಟೆಲಿನ ಬಕೆಟ್, ಹೊಲಿಗೆ ಸೂಜಿ, ಥರ್ಮಕೋಲ್ ಚೂರು, ಹಾಳಾದ ಸ್ಪೀಕರಿನಿಂದ ಬಿಚ್ಚಿದ ಮ್ಯಾಗ್ನೆಟ್ ಇಟ್ಕೊಂಡು ಕೂತ್ವಿ. ಮೂರು ಸೂಜಿ ಬಿಟ್ರೆ ತ್ರಿಕೋನ. ನಾಲ್ಕಕ್ಕೆ ಚೌಕ. ಐದಕ್ಕೆ ಐದು ಮೂಲೆ. ಆರನೇದನ್ನ ಬಿಟ್ಟಾಗ ಆರು ಮೂಲೆ ಆಗುತ್ತೆ ಅಂತ ಕಾಯ್ತಿದ್ರೆ, ಒಂದು ಸೂಜಿ ಅಲುಗಾಡಿ ಅಲುಗಾಡಿ ಸರ್ರನೆ ನಡುವಿಗೆ ಹೋಗಿ ನಿಂತುಬಿಡ್ತು. ಸುತ್ತ ಐದು, ನಡುವೆ ಒಂದು. ಬಾತ್‌ರೂಮಿಗೆ ನೀರು ಹಿಡಿಯೋಕೆ ಬಂದ ಸೀನಿಯರ್ ಒಬ್ಬರು ಬಕೆಟ್ ಕೇಳೋದನ್ನ ಮರೆತು ಹತ್ತು ನಿಮಿಷ ನಮ್ಮ ಜೊತೆ ಕೂತಿದ್ರು.

ಥಾಮ್ಸನ್ ಲೆಕ್ಕದಲ್ಲಿ ಬಂದಿದ್ದೂ ಅದೇ. ಐದರ ತನಕ ಒಂದೇ ಉಂಗುರ ನಿಲ್ಲುತ್ತೆ, ಆರಾದ್ರೆ ಒಂದು ಒಳಗೆ ಹೋಗಬೇಕು. ಎಲೆಕ್ಟ್ರಾನ್ ಹೆಚ್ಚಾದ ಹಾಗೆ ಉಂಗುರದ ಮೇಲೆ ಉಂಗುರ. ಒಳಗಿನ ಉಂಗುರಗಳ ಜೋಡಣೆ ಒಂದೇ ಥರ ಇರುವ ಪರಮಾಣುಗಳ ಗುಣವೂ ಒಂದೇ ಥರ ಇರಬಹುದು, ಆವರ್ತ ಕೋಷ್ಟಕದಲ್ಲಿ ಗುಣಗಳು ಮತ್ತೆ ಮತ್ತೆ ಬರೋದು ಇದಕ್ಕೇ ಇರಬಹುದು ಅನ್ನೋದು ಅವರ ಯೋಚನೆ. ವಿವರಗಳು ನಿಲ್ಲಲಿಲ್ಲ. ಆದರೆ ಎಲೆಕ್ಟ್ರಾನುಗಳ ಜೋಡಣೆಯೇ ರಸಾಯನಶಾಸ್ತ್ರವನ್ನ ತೀರ್ಮಾನಿಸುತ್ತೆ ಅನ್ನೋ ಮಾತು ನಮ್ಮ ಈಗಿನ ಕೆಮಿಸ್ಟ್ರಿ ಪುಸ್ತಕದ ಬೆನ್ನೆಲುಬೇ ಅಲ್ವಾ? ಇದಕ್ಕೆ ನೋಟ್ಸಿನಲ್ಲಿ ಅರ್ಧ ಮಾರ್ಕೂ ಇಲ್ಲ. ನಮಗೆ ಸ್ವಲ್ಪ ಸಿಟ್ಟು ಬಂದಿದ್ದು ಇಲ್ಲಿ.

ಈಗ ದೋಷಗಳಿಗೆ ಬರೋಣ. ಮೊದಲ ಪೆಟ್ಟನ್ನ ಕೊಟ್ಟಿದ್ದು ರುದರ್‌ಫೋರ್ಡ್ ಅಲ್ಲ, ಥಾಮ್ಸನ್ನೇ. 1904ರಲ್ಲಿ ಅವರು ಪರಮಾಣುವಿನ ತೂಕವೆಲ್ಲ ಎಲೆಕ್ಟ್ರಾನುಗಳದ್ದೇ ಅಂದುಕೊಂಡಿದ್ದರು. ಹಾಗಾದ್ರೆ ಹೈಡ್ರೋಜನ್ ಒಂದರಲ್ಲೇ ಸಾವಿರದಷ್ಟು ಎಲೆಕ್ಟ್ರಾನ್ ಇರಬೇಕು. 1906ರಲ್ಲಿ ಅವರೇ ಮೂರು ಬೇರೆ ಬೇರೆ ದಾರಿಯಲ್ಲಿ ಲೆಕ್ಕ ಹಾಕಿ, ಎಲೆಕ್ಟ್ರಾನುಗಳ ಸಂಖ್ಯೆ ಪರಮಾಣು ತೂಕದ ಆಸುಪಾಸಿನಲ್ಲೇ ಇದೆ ಅಂತ ತೋರಿಸಿದರು. ಹೈಡ್ರೋಜನ್‌ಗೆ ಸಾವಿರ ಅಲ್ಲ, ಒಂದರ ಹತ್ತಿರ. ಹಾಗಾದ್ರೆ ತೂಕ ಯಾರದ್ದು? ತಿರುಳಿನದ್ದೇ ಇರಬೇಕು, ಆದರೆ ತಿರುಳಿನ ಬಗ್ಗೆ ಏನೂ ಗೊತ್ತಿಲ್ಲ. ಇನ್ನೊಂದು ತಾಪತ್ರಯ: ತಿರುಗುವ ಎಲೆಕ್ಟ್ರಾನ್ ಬೆಳಕು ಸೂಸಿ ಶಕ್ತಿ ಕಳೆದುಕೊಳ್ಳಬೇಕು. ಒಂದೇ ಉಂಗುರದಲ್ಲಿ ತುಂಬಾ ಎಲೆಕ್ಟ್ರಾನ್ ಇದ್ದರೆ ಅವುಗಳ ಅಲೆಗಳು ಒಂದನ್ನೊಂದು ಬಹುಪಾಲು ಅಳಿಸಿ ಹಾಕ್ತವೆ, ನಷ್ಟ ತೀರಾ ಕಡಿಮೆ. ಸಂಖ್ಯೆ ಇಳಿದ ಕೂಡಲೇ ಆ ರಕ್ಷಣೆಯೂ ಹೋಯ್ತು. ತನ್ನ ಮನೆಯ ಕಂಬವನ್ನ ತಾನೇ ತಟ್ಟಿ ನೋಡಿ, ಟೊಳ್ಳಿದೆ ಅಂತ ಅಚ್ಚು ಹಾಕಿಸಿದ ಹಾಗಾಯ್ತು. ಅದೇ ವರ್ಷ ಅವರಿಗೆ ನೊಬೆಲ್ ಬಂತು, ಗ್ಯಾಸಿನಲ್ಲಿ ವಿದ್ಯುತ್ ಹರಿಯೋದರ ಮೇಲಿನ ಕೆಲಸಕ್ಕೆ.

ರೋಹಿತದ ದೋಷವನ್ನ ನಾವೇ ಲೆಕ್ಕ ಮಾಡಿ ನೋಡಿದ್ವಿ, ಪಿಯುಸಿ ಗಣಿತ ಸಾಕು. ಹೈಡ್ರೋಜನ್ ಅಂದ್ರೆ ಒಂದು ತಿರುಳು, ಒಂದು ಎಲೆಕ್ಟ್ರಾನ್. ಗೋಳದ ತ್ರಿಜ್ಯ ಒಂದು ಸೆಂಟಿಮೀಟರಿನ ಹತ್ತು ಕೋಟಿಯಲ್ಲಿ ಒಂದು ಪಾಲು, ಅಂದರೆ 1 ಆಂಗ್‌ಸ್ಟ್ರಮ್ ಇಟ್ಕೊಳ್ಳಿ. ಸ್ಪ್ರಿಂಗಿನ ಹಾಗೆ ತೂಗುವ ಎಲೆಕ್ಟ್ರಾನಿನ ಬೆಳಕಿನ ತರಂಗಾಂತರ ಸುಮಾರು 118 ನ್ಯಾನೋಮೀಟರ್ ಬರುತ್ತೆ. ಹೈಡ್ರೋಜನ್ ನಿಜವಾಗಿ ಸೂಸುವ ಒಂದು ನೇರಳಾತೀತ ಗೆರೆ 122ರ ಹತ್ತಿರ ಇದೆ. ಕ್ಯಾಲ್ಕ್ಯುಲೇಟರ್ ಹಿಡಿದವಳು ಎರಡು ಸಲ ಒತ್ತಿ ನೋಡಿದಳು. ರೋಮಾಂಚನ ಆಗೋ ಅಷ್ಟು ಹತ್ತಿರ! ಆದರೆ ಅದು ಆಕಸ್ಮಿಕ, ತ್ರಿಜ್ಯ ಆರಿಸಿದ್ದು ನಾವು. ನಿಜವಾದ ಕಷ್ಟ ಬೇರೆ. ಸ್ಪ್ರಿಂಗ್ ಕಡಿಮೆ ಎಳೆದರೂ ಜಾಸ್ತಿ ಎಳೆದರೂ ಅದೇ ತಾಳದಲ್ಲಿ ತೂಗುತ್ತೆ. ಒಂದು ಗೋಳಕ್ಕೆ ಒಂದೇ ತಾಳ, ಒಂದೇ ಗೆರೆ. ಹೈಡ್ರೋಜನ್ ಕಣ್ಣಿಗೆ ಕಾಣುವ ಬೆಳಕಿನಲ್ಲೇ 656, 486, 434, 410 ನ್ಯಾನೋಮೀಟರಿನಲ್ಲಿ ನಾಲ್ಕು ಗೆರೆ ಕೊಡುತ್ತೆ. 656 ಬರಬೇಕು ಅಂದ್ರೆ ಗೋಳವನ್ನ ಸುಮಾರು ಮೂರು ಪಟ್ಟು ಉಬ್ಬಿಸಬೇಕು, ಉಳಿದ ಮೂರಕ್ಕೆ ಬೇರೆ ಬೇರೆ ಸೈಜು. ಒಂದು ಪರಮಾಣುವಿಗೆ ದರ್ಜಿ ಅಂಗಡಿ ಥರ ನಾಲ್ಕು ಅಳತೆ ಇರೋಕಾಗಲ್ಲ. 'ರೋಹಿತವನ್ನು ವಿವರಿಸಲಿಲ್ಲ' ಅನ್ನೋ ಒಂದು ಮಾರ್ಕಿನ ಸಾಲಿನೊಳಗೆ ಇಷ್ಟಿದೆ.

ಆಲ್ಫಾ ಕಣದ ಕಥೆ ಎಲ್ಲರಿಗೂ ಗೊತ್ತು ಅಂತ ಅಂದುಕೊಂಡಿದ್ವಿ. ಚಿನ್ನದ ಹಾಳೆ, ಕೆಲವು ಕಣ ವಾಪಸ್ ಬಂದವು, ನ್ಯೂಕ್ಲಿಯಸ್ ಸಿಕ್ತು, ಮುಗೀತು. ಆದರೆ ಪ್ರಯೋಗ ಮಾಡಿದವರಲ್ಲಿ ಒಬ್ಬರಾದ ಅರ್ನೆಸ್ಟ್ ಮಾರ್ಸ್‌ಡನ್‌ಗೆ ಆಗ 20 ವರ್ಷ, ಇನ್ನೂ ಡಿಗ್ರಿ ಓದ್ತಿದ್ದ ಹುಡುಗ. ನಮಗಿಂತ ಒಂದು ವರ್ಷ ದೊಡ್ಡವನು. 1909, ಮ್ಯಾಂಚೆಸ್ಟರ್. ಹ್ಯಾನ್ಸ್ ಗೈಗರ್ ಜೊತೆಗೆ ಅವನಿಗೆ ಕೊಟ್ಟ ಕೆಲಸ: ಆಲ್ಫಾ ಕಣಗಳು ದೊಡ್ಡ ಕೋನದಲ್ಲಿ ತಿರುಗಿ ಬರ್ತವಾ ನೋಡು. ಬರಲ್ಲ ಅನ್ನೋದೇ ಎಲ್ಲರ ನಿರೀಕ್ಷೆ. ಕತ್ತಲು ಕೋಣೆಯಲ್ಲಿ ಕಣ್ಣು ಒಗ್ಗೋ ತನಕ ಕಾದು ಕೂತು, ಮೈಕ್ರೋಸ್ಕೋಪಿನಲ್ಲಿ ಜಿಂಕ್ ಸಲ್ಫೈಡ್ ಪರದೆಯ ಮೇಲೆ ಮಿನುಗೋ ಚುಕ್ಕೆಗಳನ್ನ ಒಂದೊಂದಾಗಿ ಎಣಿಸಬೇಕು. ಅವರ ಲೆಕ್ಕದ ಪ್ರಕಾರ ಪ್ಲಾಟಿನಮ್ ಮೇಲೆ ಬಿದ್ದ ಸುಮಾರು 8000 ಕಣಗಳಲ್ಲಿ ಒಂದು ಹಿಂದಕ್ಕೆ ಬರ್ತಿತ್ತು. 7999 ಕಣ ಹೇಳಿದ್ದನ್ನ ನಂಬಿ ಒಂದನ್ನ ಕಣ್ಣಿನ ದೋಷ ಅಂತ ಬಿಟ್ಟಿದ್ದರೆ ಯಾರೂ ಬೈತಿರಲಿಲ್ಲ. ಲ್ಯಾಬ್ ಮ್ಯಾನುಯಲ್‌ಗಳಲ್ಲಿ ಬರಬೇಕಾದ ಉತ್ತರ ಮೊದಲೇ ಅಚ್ಚಾಗಿರೋ ಕಾಲದಲ್ಲಿ ಓದ್ತಿರೋ ನಮಗೆ, ಉತ್ತರ ಗೊತ್ತಿಲ್ಲದ ಪ್ರಯೋಗವನ್ನ 20ರ ಹುಡುಗನ ಕೈಗೆ ಕೊಟ್ಟಿದ್ದರು ಅನ್ನೋದೇ ಹೊಟ್ಟೆಕಿಚ್ಚಿನ ವಿಷಯ.

ಕಲ್ಲಂಗಡಿಯಿಂದ ಅದು ಯಾಕೆ ವಾಪಸ್ ಬರಬಾರದು? ಇದನ್ನೂ ಲೆಕ್ಕ ಹಾಕಿದ್ವಿ. ಪಾಸಿಟಿವ್ ಚಾರ್ಜನ್ನ ಒಂದು ಗುಡ್ಡ ಅಂದುಕೊಳ್ಳಿ, ಆಲ್ಫಾ ಕಣ ಅದನ್ನ ಹತ್ತೋಕೆ ಬರೋ ಬೈಕು. ಬೈಕಿನ ಹತ್ತಿರ ಇರೋ ಶಕ್ತಿ ಸುಮಾರು 50 ಲಕ್ಷ ಎಲೆಕ್ಟ್ರಾನ್-ವೋಲ್ಟ್. ಚಿನ್ನದ 79 ಚಾರ್ಜನ್ನ 1 ಆಂಗ್‌ಸ್ಟ್ರಮ್ ಗೋಳದಲ್ಲಿ ಹರಡಿದರೆ ಗುಡ್ಡದ ತುದಿಯ ಎತ್ತರ ಬರೀ 3,400. ಗುಡ್ಡ ಅಲ್ಲ, ರೋಡ್ ಹಂಪೂ ಅಲ್ಲ. ಬೈಕಿಗೆ ಗೊತ್ತೇ ಆಗಲ್ಲ. ಅದೇ ಚಾರ್ಜನ್ನ ಹತ್ತು ಸಾವಿರ ಪಟ್ಟು ಸಣ್ಣ ತ್ರಿಜ್ಯಕ್ಕೆ ಅದುಮಿದರೆ ಅದರ ಅಂಚಿಗೇ ಎತ್ತರ 2 ಕೋಟಿ 27 ಲಕ್ಷ. ನೇರ ಬಂದವನು ಅರ್ಧ ದಾರಿಯಲ್ಲೇ ನಿಂತು ಹಿಂದಕ್ಕೆ ಜಾರಬೇಕು, ಬೇರೆ ದಾರಿ ಇಲ್ಲ. ಸಣ್ಣ ಸಣ್ಣ ತಿರುವುಗಳು ಸೇರಿ ದೊಡ್ಡ ತಿರುವಾಗಿರಬಹುದು ಅನ್ನೋದು ಥಾಮ್ಸನ್ ಪಕ್ಷದ ವಾದ. ಚಿನ್ನದ ಹಾಳೆಯ ದಪ್ಪ 0.00004 ಸೆಂಟಿಮೀಟರ್. ಅಷ್ಟರಲ್ಲಿ ಎಲ್ಲ ತಿರುವೂ ಒಂದೇ ಕಡೆಗೆ ಬೀಳೋ ಸಂಭವ ಇಲ್ಲವೇ ಇಲ್ಲ ಅನ್ನೋ ಅಷ್ಟು ಕಡಿಮೆ ಅಂತ ರುದರ್‌ಫೋರ್ಡ್ ತೋರಿಸಿದ್ರು. ಫಲಿತಾಂಶ ಬಂದಿದ್ದು 1909ರಲ್ಲಿ, ಅವರ ಪ್ರಬಂಧ ಬಂದಿದ್ದು 1911ರಲ್ಲಿ. ನಡುವೆ ಸುಮಾರು ಎರಡು ವರ್ಷ.

ಆ 1911ರ ಪ್ರಬಂಧದಲ್ಲಿ ನಮಗೆ ಸಿಕ್ಕಿದ ವಿಷಯ ಒಂದಿದೆ, ಇಡೀ ಹುಡುಕಾಟದಲ್ಲಿ ನಮಗೆ ಅತಿ ಖುಷಿ ಕೊಟ್ಟಿದ್ದು. ಅದರಲ್ಲಿ ರುದರ್‌ಫೋರ್ಡ್ ಚಿತ್ರಿಸೋ ಪರಮಾಣುವಿನಲ್ಲಿ ನಡುವೆ ಒಂದು ಚುಕ್ಕೆಯಷ್ಟು ಚಾರ್ಜು, ಸುತ್ತಲೂ ಅದಕ್ಕೆ ವಿರುದ್ಧವಾದ ಚಾರ್ಜು ಒಂದು ಗೋಳದಲ್ಲಿ ಸಮನಾಗಿ ಹರಡಿದೆ. ನಡುವಿನದ್ದು ಪಾಸಿಟಿವ್ವೋ ನೆಗೆಟಿವ್ವೋ ಅನ್ನೋದನ್ನ ಆ ಪ್ರಯೋಗ ತೀರ್ಮಾನಿಸಲಿಲ್ಲ, ಲೆಕ್ಕ ಎರಡಕ್ಕೂ ಒಂದೇ. ಗ್ರಹಗಳ ಥರ ಸುತ್ತೋ ಎಲೆಕ್ಟ್ರಾನು ಆ ಲೆಕ್ಕದಲ್ಲಿಲ್ಲ. ಸಮನಾಗಿ ಹರಡಿದ ಗೋಳ! ಅದು ಥಾಮ್ಸನ್ ಗೋಳವೇ, ಬಣ್ಣ ತಿರುಗಿಸಿದ್ದು. ಕಲ್ಲಂಗಡಿಯನ್ನ ಒಡೆದ ಪ್ರಬಂಧದಲ್ಲೇ ಕಲ್ಲಂಗಡಿ ಕೂತಿದೆ. ಸೆಕೆಂಡ್ ಪಿಯುಸಿ ಫಿಸಿಕ್ಸ್‌ನ ಮೊದಲ ಅಧ್ಯಾಯದ ಕೊನೇ ಕಡೆ, 'ಪರಮಾಣುವಿನ ಒಂದು ಹಳೆಯ ಮಾದರಿ' ಅಂತ ಶುರುವಾಗೋ ಗೌಸ್ ನಿಯಮದ ಲೆಕ್ಕ ಒಂದಿದೆಯಲ್ಲ, ನಡುವೆ ಪಾಸಿಟಿವ್ ಚುಕ್ಕೆ, ಸುತ್ತ ನೆಗೆಟಿವ್ ಮೋಡ? ನಾವೆಲ್ಲ ಸಿಇಟಿಗೆ ಅಂತ ಹತ್ತು ಸಲ ಮಾಡಿದ ಲೆಕ್ಕ. ಅದು ಇದೇ. ಯಾರದ್ದು ಅಂತ ಪುಸ್ತಕದಲ್ಲಿ ಹೆಸರಿಲ್ಲ.

ಇಷ್ಟಾದ ಮೇಲೆ ತಮ್ಮನಿಗೆ ಹೇಳಿದ್ದು ಹೀಗೆ. ನೋಡೋ, 1904ರಲ್ಲೇ ಜಪಾನಿನ ಹಂತಾರೋ ನಗಾವೊಕ ಅನ್ನೋರು, ನಡುವೆ ಭಾರವಾದ ಪಾಸಿಟಿವ್, ಸುತ್ತ ಶನಿಗ್ರಹದ ಬಳೆ ಥರ ಎಲೆಕ್ಟ್ರಾನ್ ಅಂತ ಹೇಳಿದ್ರು. ಈಗ ನೋಡಿದ್ರೆ ಅದೇ ಸರಿಗೆ ಹತ್ತಿರ. ಆದರೆ ಲೆಕ್ಕ ಹಾಕಿದ್ರೆ ಆ ಬಳೆ ನಿಲ್ಲಲ್ಲ, ಚೂರು ಅಲುಗಿದ್ರೂ ಒಡೆದು ಹೋಗುತ್ತೆ. ಅದನ್ನ ಬೇರೆಯವರು ತೋರಿಸಿದ್ರು, ಅವರೂ ಕೊನೆಗೆ ಕೈಬಿಟ್ರು. ಅವತ್ತು ಗೊತ್ತಿದ್ದ ನಿಯಮದ ಪ್ರಕಾರ ನಿಲ್ಲೋ ಪರಮಾಣು ಅಂದ್ರೆ ಥಾಮ್ಸನ್‌ದು. ತಪ್ಪಿದ್ದದ್ದು ನಿಲ್ತಿತ್ತು, ಸರಿ ಇದ್ದದ್ದು ಬೀಳ್ತಿತ್ತು. ಸೀದಾ ಸರಿ ಇರೋದನ್ನೇ ಕೊಟ್ಟಿದ್ರೆ ಅದು ಎಷ್ಟು ವಿಚಿತ್ರ ಅಂತ ನಿಂಗೆ ಅನ್ನಿಸ್ತಾನೇ ಇರಲಿಲ್ಲ.

"ಹಂಗಾದ್ರೆ ರುದರ್‌ಫೋರ್ಡ್‌ದೂ ಬೀಳ್ಬೇಕಲ್ಲ?" ಅಂದ. ಪುಸ್ತಕದ ಮುಂದಿನ ಪುಟ ಅವನಿನ್ನೂ ಓದಿರಲಿಲ್ಲ.

ಹೌದು, ಬೀಳ್ಬೇಕು. ರುದರ್‌ಫೋರ್ಡ್‌ಗೆ ಅದು ಗೊತ್ತಿತ್ತು. ಪರಮಾಣು ಹೇಗೆ ನಿಲ್ಲುತ್ತೆ ಅನ್ನೋ ಪ್ರಶ್ನೆಯನ್ನ ಸದ್ಯಕ್ಕೆ ಎತ್ತಿಕೊಳ್ಳೋದು ಬೇಡ ಅಂತ ಅದೇ ಪ್ರಬಂಧದಲ್ಲಿ ಬದಿಗಿಟ್ಟಿದ್ದಾರೆ. ನಾವೆಲ್ಲ ವೈವಾದಲ್ಲಿ ಅಂಥ ಉತ್ತರ ಕೊಟ್ಟರೆ ಏನಾಗ್ತಿತ್ತೋ! ಹೈಡ್ರೋಜನ್ ಎಲೆಕ್ಟ್ರಾನ್ ನ್ಯೂಕ್ಲಿಯಸ್ ಸುತ್ತ ತಿರುಗ್ತಾ ಹಳೇ ನಿಯಮದ ಪ್ರಕಾರ ಬೆಳಕು ಸೂಸುತ್ತಾ ಹೋದರೆ, ಒಳಕ್ಕೆ ಬಿದ್ದು ಮುಗಿಯೋಕೆ ಬೇಕಾಗೋ ಸಮಯದಲ್ಲಿ ಬೆಳಕು ಐದು ಮಿಲಿಮೀಟರ್ ಕೂಡ ದಾಟಿರಲ್ಲ. ನೀವು ಈ ಸಾಲು ಓದ್ತಿರೋ ಫೋನು, ಓದ್ತಿರೋ ಕಣ್ಣು ಯಾವುದೂ ಇರಬಾರದಿತ್ತು.

ಇದನ್ನ ಹಿಡಿದು ಕೂತವರು ನೀಲ್ಸ್ ಬೋರ್. 1911ರಲ್ಲಿ ಡೆನ್ಮಾರ್ಕಿನಿಂದ ಅವರು ಮೊದಲು ಹೋಗಿದ್ದು ಕೇಂಬ್ರಿಜ್‌ಗೆ, ಥಾಮ್ಸನ್ ಹತ್ತಿರ. ಅಲ್ಲಿ ಹೊಂದಿಕೆಯಾಗದೆ 1912ರಲ್ಲಿ ಮ್ಯಾಂಚೆಸ್ಟರಿಗೆ, ರುದರ್‌ಫೋರ್ಡ್ ಹತ್ತಿರ ಬಂದ್ರು. 1913ರಲ್ಲಿ, ಕೆಲವು ಕಕ್ಷೆಗಳಲ್ಲಿ ಎಲೆಕ್ಟ್ರಾನ್ ಬೆಳಕು ಸೂಸೋದೇ ಇಲ್ಲ ಅಂತ ಘೋಷಿಸಿಬಿಟ್ರು. ಯಾಕೆ ಸೂಸಲ್ಲ ಅಂದ್ರೆ ಕಾರಣ ಕೊಡಲಿಲ್ಲ. ಆದರೆ 656, 486, 434, 410 ನಾಲ್ಕೂ ಒಂದೇ ಸೂತ್ರದಲ್ಲಿ ಬಂದವು. ಎರಡು ಎಲೆಕ್ಟ್ರಾನ್ ಇರೋ ಹೀಲಿಯಮ್‌ಗೆ ಬಂದಾಗ ಆ ಸೂತ್ರವೂ ಕೈಕೊಡ್ತು.

ನಮ್ಮ ಪಿಯುಸಿ ನೋಟ್ಸಿನಲ್ಲಿ ಥಾಮ್ಸನ್‌ಗೆ ಎರಡು ಡ್ರಾಬ್ಯಾಕ್ಸ್, ರುದರ್‌ಫೋರ್ಡ್‌ಗೆ ಎರಡು. ಬೋರ್‌ಗೆ ಐದು.